ಅಪ್ಪನ ಕೀಬೋರ್ಡಿಗೆ ಅಮ್ಮನ ಸ್ಟಿಕ್ಕರ್

ಅಪ್ಪನಿಗೆ ಮ್ಯಾಕ್ಯುಲರ್ ಡಿಜೆನರೇಶನ್. ಕಣ್ಣಿನ ಒಳಪರದೆಯಾದ ರೆಟಿನಾದ ನಡುಭಾಗ ಸವೆಯುವ ಕಾಯಿಲೆ. ಪಕ್ಕದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಸುಕು. ಹಾಗಾಗಿ ಕಂಪ್ಯೂಟರ್ ಮುಂದೆ ಕತ್ತು ಓರೆ ಮಾಡಿ ಕೂರುತ್ತಿದ್ದರು. "ನೇರ ಕೂತ್ಕೊಳ್ಳಿ ಅಪ್ಪ" ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಉಳಿದಿರುವ ನೋಟ ಬಳಸುವ ಸರಿಯಾದ ಕ್ರಮವೇ ಅದು ಅಂತ ಕಣ್ಣಿನ ಡಾಕ್ಟರ್ ಹೇಳಿದಾಗ ಗೊತ್ತಾಯಿತು.

ಅಕ್ಷರ ದೊಡ್ಡದಾದಷ್ಟೂ ಒಳ್ಳೇದು ಅಂದುಕೊಂಡಿದ್ದೂ ತಪ್ಪೇ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ತೆರೆಯನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯರ್ ಬರುತ್ತದೆ. ಅದನ್ನು 400% ಇಟ್ಟೆ. ಒಮ್ಮೆಗೆ ಮೂರ್ನಾಲ್ಕು ಪದ ಕಂಡರೆ ಜಾಸ್ತಿ. "ಬಾಣ ಎಲ್ಲಿ ಹೋಯ್ತೋ?" ಅಂತ ಅಪ್ಪ ಮೌಸ್ ಹಿಡಿದು ಹುಡುಕುತ್ತಿದ್ದರು. ಕೊನೆಗೆ ಸೆಟ್ಟಿಂಗ್ಸ್ ತೆರೆದು ಅಕ್ಷರದ ಗಾತ್ರ ಅವರ ಕೈಗೇ ಬಿಟ್ಟೆ. 225% ತನಕ ಹೋಗಬಹುದು, ಅವರು 170ರ ಹತ್ತಿರ ನಿಂತರು. ಕಪ್ಪು ತೆರೆ, ಬಿಳಿ ಅಕ್ಷರ, ದಪ್ಪ ಹಳದಿ ಬಾಣ. ಕಿಟಕಿ ಬೆಳಕು ತೆರೆಗೆ ಹೊಡೆಯದ ಹಾಗೆ ಮೇಜನ್ನೂ ತಿರುಗಿಸಿದೆವು. ಕಣ್ಣು ಕುಕ್ಕುವುದು ಅದರಿಂದಲೇ ಎಷ್ಟೋ ಕಡಿಮೆ ಆಯಿತು.

ನೋಡದೆಯೇ ಬೆರಳಿಡುವ ಜಾಗ ತಿಳಿಯಲೆಂದು ಕೀಬೋರ್ಡಿನ ಎಫ್, ಜೆ ಮೇಲಿರುವ ಸಣ್ಣ ಗೆರೆ ಅವರ ಬೆರಳಿಗೆ ಸಿಗುತ್ತಿರಲಿಲ್ಲ. ಅಮ್ಮ ಸುಮ್ನೆ ಒಳಗೆ ಹೋಗಿ ಹಣೆಗಿಡುವ ಕಲ್ಲಿನ ಸ್ಟಿಕ್ಕರ್ ತಂದು ಎರಡಕ್ಕೂ ಅಂಟಿಸಿದರು. ಎಂಟರ್‌ಗೂ ಒಂದು. ಅಂಗಡಿಯಿಂದ ತಂದ ಯಾವ ಸಾಧನವೂ ಇಷ್ಟು ಬೇಗ ಒಗ್ಗಿರಲಿಲ್ಲ.

ತುಂಬ ಹೊತ್ತು ಓದಿದರೆ ಕಣ್ಣು ಸೋಲುತ್ತದಲ್ವಾ, ಅದಕ್ಕೆ ಎನ್‌ವಿಡಿಎ ಹಾಕಿದೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಪೂರ್ತಿ ಉಚಿತ. ಅದರ ಜೊತೆಗೇ ಬರುವ ಈಸ್ಪೀಕ್ ದನಿಯಲ್ಲಿ ಕನ್ನಡವೂ ಇದೆ. ದನಿ ಯಂತ್ರದ್ದೇ, ಆದರೆ ವೇಗ ತಗ್ಗಿಸಿದರೆ ಅರ್ಥವಾಗುತ್ತದೆ. ಮೊದಲ ದಿನ ಕಲಿಸಿದ್ದು ಒಂದೇ: ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ. ನಿಲ್ಲಿಸುವುದು ಗೊತ್ತಾದ ಮೇಲೆ ಅಪ್ಪನ ಗಾಬರಿ ಹೋಯಿತು.

ತೊಡಕಾಗಿದ್ದು ಅವರೇ ಹಿಂದೆ ಟೈಪ್ ಮಾಡಿಟ್ಟ ಲೇಖನಗಳಲ್ಲಿ. ಎಲ್ಲವೂ ಹಳೆಯ ಆಸ್ಕಿ ಫಾಂಟಿನವು. ತೆರೆಯ ಮೇಲೆ ಚೆಂದದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎನ್‌ವಿಡಿಎ ಅದನ್ನೇ ಓದುತ್ತದೆ. ತಮ್ಮದೇ ಬರಹ ಹಾಗೆ ಕೇಳಿಸಿದಾಗ ಅಪ್ಪನ ಮುಖ ಸಣ್ಣದಾಯಿತು. ಈಗ ಒಂದೊಂದಾಗಿ, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಬದಲಿಸುತ್ತಿದ್ದೇನೆ. ಬದಲಿಸುವಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ. ನನ್ನ ಕಣ್ಣಿಗೆ ಬೀಳದ ತಪ್ಪು ಅಪ್ಪನ ಕಿವಿಗೆ ಬೀಳುತ್ತದೆ. "ನಿಲ್ಸು, ಅದು ಸರಿಯಿಲ್ಲ" ಅನ್ನುತ್ತ ಕಂಟ್ರೋಲ್ ಒತ್ತುತ್ತಾರೆ.