ಬೆಲ್ ಒತ್ತಲಾರದವರನ್ನು ಹೇಗೆ ನೋಡಿಕೊಳ್ಳುತ್ತಾರೆ?

ವಯಸ್ಸಾದವರ ವಾರ್ಡಿನಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಹಾಗಾಗಿ ದೊಡ್ಡಮ್ಮನಿಗೆ ಒಂದು ಆರೈಕೆ ಕೇಂದ್ರ ಹುಡುಕುವ ಕೆಲಸ ನನ್ನ ಪಾಲಿಗೇ ಬಂತು. ಲಕ್ವ ಹೊಡೆದು ಅವರು ಹಾಸಿಗೆ ಹಿಡಿದಿದ್ದರು, ಮಾತೂ ಅಷ್ಟಕ್ಕಷ್ಟೆ. ಹೋದ ಕಡೆಯೆಲ್ಲ ನಾನು ಮೊದಲು ಕೇಳಿದ್ದು ಒಂದೇ: ಪೂರ್ತಿ ಹಾಸಿಗೆ ಹಿಡಿದವರು ಯಾವ ಕಡೆ ಇದ್ದಾರೆ? ಓಡಾಡುವವರು ಬಾಯಾರಿದರೆ ಎದ್ದು ನೀರು ಕುಡಿಯುತ್ತಾರೆ, ಬೇಜಾರಾದರೆ ಮಕ್ಕಳಿಗೆ ಫೋನ್ ಮಾಡುತ್ತಾರೆ. ಬೆಲ್ ಒತ್ತುವ ಶಕ್ತಿಯೂ ಇಲ್ಲದವರ ಗತಿ ಏನು ಅನ್ನುವುದೇ ನನಗೆ ಮುಖ್ಯವಾಗಿತ್ತು.

ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣಿನ ಬಗ್ಗೆ ಮುಚ್ಚುಮರೆ ಇಲ್ಲದೆ ಕೇಳಿದೆ. ಸದ್ಯ ಎಷ್ಟು ಜನರಿಗೆ ಇದೆ? ಬರುವಾಗಲೇ ಇತ್ತಾ, ಇಲ್ಲಿ ಬಂದ ಮೇಲೆ ಆಯಿತಾ? ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಉಬ್ಬಿರುವ ಕಡೆ ರಕ್ತ ಹರಿಯುವುದು ನಿಂತು ಚರ್ಮ ಸಾಯುತ್ತದೆ. ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿ, ಇವು ಮೊದಲು ಹುಣ್ಣಾಗುವ ಜಾಗಗಳು. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಮೈಬಣ್ಣ ಕಪ್ಪಗಿದ್ದರೆ ಕೆಂಪು ಕಾಣುವುದು ಕಷ್ಟ. ಅಲ್ಲಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಇದನ್ನು ಮ್ಯಾನೇಜರ್ ಹೇಳಿದರೆ ಸಾಲದು, ದಿನಾ ಮೈ ಒರೆಸುವ ಆಯಾಗೆ ಗೊತ್ತಿರಬೇಕು. ಆದ್ದರಿಂದ ಆಯಾಗಳನ್ನೇ ಮಾತಾಡಿಸಿದೆ.

ಮಗ್ಗುಲು ಬದಲಿಸಿದಾಗಲೆಲ್ಲ ಸಹಿ ಹಾಕುವ ಚಾರ್ಟ್ ತೋರಿಸಿ ಅಂದೆ. ಒಂದು ಕಡೆ ಮಧ್ಯಾಹ್ನವೇ ರಾತ್ರಿಯ ಸಹಿಗಳೂ ಬಿದ್ದಿದ್ದವು. ಮುಂದೆ ಏನೂ ಕೇಳದೆ ಹೊರಟುಬಂದೆ. ಸಹಿ ಸುಳ್ಳಾದರೆ ಔಷಧಿಯ ಲೆಕ್ಕವನ್ನಾದರೂ ಹೇಗೆ ನಂಬುವುದು?

ಊಟದ ಹೊತ್ತಿಗೆ ಹೋದರೆ ಬೇರೆ ಯಾರೂ ಹೇಳದ ವಿಷಯ ತಿಳಿಯುತ್ತದೆ. ತಿನ್ನಿಸುವವರು ಕೂತು ತಿನ್ನಿಸುತ್ತಾರಾ, ನಿಂತುಕೊಂಡೇ ತುರುಕುತ್ತಾರಾ? ಹಾಸಿಗೆಯ ತಲೆಭಾಗ ಎತ್ತಿ ನೆಟ್ಟಗೆ ಕೂರಿಸಿದ್ದಾರಾ? ಮಲಗಿಸಿಕೊಂಡೇ ತಿನ್ನಿಸಿದರೆ ಅನ್ನಾಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೀರಿನ ಲೋಟ ಕೈಗೆ ಸಿಗುವ ಹಾಗಿದೆಯಾ ಅಂತಲೂ ನೋಡಿದೆ. ನೀರು ಸಾಲದಿದ್ದರೆ ಒಣಗಿದ ತುಟಿ, ನಾಲಿಗೆ ನೋಡಿದರೇ ಗೊತ್ತಾಗುತ್ತದೆ.

ವಾಸನೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಚಿಂತೆಯಿಲ್ಲ, ಇಡೀ ಕಾರಿಡಾರಿನಲ್ಲಿ ಇದ್ದರೆ ಡೈಪರ್ ಬದಲಿಸಲು ಕೈ ಸಾಲುತ್ತಿಲ್ಲ ಅಂತ.

ಹಗಲಲ್ಲೇ ಎಲ್ಲರೂ ತೂಗಡಿಸುತ್ತಾ ಕೂತಿದ್ದ ಹಾಲ್ ಒಂದಕ್ಕೆ ಹೋದಾಗ ಮಾತ್ರ ನನಗೆ ನಿಜಕ್ಕೂ ಭಯವಾಯಿತು. ಮರೆವಿನ ಕಾಯಿಲೆ ಇರುವವರನ್ನು ಸುಮ್ಮನಿರಿಸಲು ಮಾನಸಿಕ ಕಾಯಿಲೆಯ ಔಷಧಿ ಕೊಡುವುದುಂಟು. ಇಂಥ ಔಷಧಿಯಿಂದ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಯಾವ ಔಷಧಿ, ಯಾಕೆ, ಯಾರು ಬರೆದದ್ದು, ಮನೆಯವರಿಗೆ ತಿಳಿಸಿದ್ದಾರಾ? ಈ ನಾಲ್ಕಕ್ಕೂ ಉತ್ತರ ಸಿಗಲೇಬೇಕು. ಮೂತ್ರದ ಪೈಪ್ ಹಾಕಿದ್ದರೂ ಇದೇ ಪ್ರಶ್ನೆ. ಡೈಪರ್ ಬದಲಿಸುವ ಕೆಲಸ ಉಳಿಸಲು ಹಾಕಿದರೆ ಸೋಂಕು ತಪ್ಪಿದ್ದಲ್ಲ.

ರಾತ್ರಿ ಮತ್ತು ಭಾನುವಾರ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ ಅಂತ ಕೇಳಿ, ಆ ಹೊತ್ತಿಗೇ ಹೋಗಿ ನೋಡಿದೆ. ಕಚೇರಿಯಲ್ಲಿ ಹೇಳಿದ್ದಕ್ಕೂ ಅಲ್ಲಿದ್ದವರಿಗೂ ತಾಳೆಯಾದ ಜಾಗವನ್ನೇ ಕೊನೆಗೆ ಆರಿಸಿದೆ. ಕಟ್ಟಡ ಹಳೆಯದು. ಆದರೆ ಆಯಾಗಳು ವರ್ಷಗಟ್ಟಲೆ ಅಲ್ಲೇ ಇದ್ದಾರೆ, ಮಗ್ಗುಲು ತಿರುಗಿಸುವ ಮುಂಚೆ "ಅಜ್ಜಿ, ಈ ಕಡೆ ತಿರುಗೋಣ್ವಾ" ಅಂತ ಹೇಳಿಯೇ ಮುಟ್ಟುತ್ತಾರೆ.

ಸೇರಿಸಿದ ಮೇಲೂ ನೋಡುವುದು ಬಿಟ್ಟಿಲ್ಲ. ಪ್ರತಿ ತಿಂಗಳು ತೂಕದ ಪುಸ್ತಕ ತೆಗೆಸುತ್ತೇನೆ. ತಿಂಗಳಲ್ಲಿ ಶೇ. 5ರಷ್ಟು ಇಳಿದರೆ, ಅಂದರೆ 50 ಕೆಜಿ ಇದ್ದವರು ಎರಡೂವರೆ ಕೆಜಿ ಕಳೆದುಕೊಂಡರೆ, ಅದೇ ದಿನ ಡಾಕ್ಟರ್ ಹತ್ತಿರ ಮಾತಾಡಬೇಕು. ವಯಸ್ಸಾಯಿತಲ್ಲ ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ.