ವೇಗದ ಮಕ್ಕಳಿಗೆ ಏನು ಹೆಚ್ಚು ಕೊಡಬಹುದು: ಬೇಸಿಗೆ ಈಜು ತಂಡ ನಡೆಸಿದ ಅನುಭವ

ಉತ್ತರ ವರ್ಜೀನಿಯಾದಲ್ಲಿ ಬಡಾವಣೆಗೊಂದು ಈಜುಕೊಳ, ಕೊಳಕ್ಕೊಂದು ತಂಡ. 1956ರಲ್ಲಿ ಶುರುವಾದ ನಾರ್ದರ್ನ್ ವರ್ಜೀನಿಯಾ ಸ್ವಿಮ್ಮಿಂಗ್ ಲೀಗ್‌ನಲ್ಲಿ ಈಗ ನೂರರಷ್ಟು ತಂಡಗಳಿವೆ. ಬೆಂಗಳೂರಿನಲ್ಲಿ ಬೇಸಿಗೆ ಶಿಬಿರಕ್ಕೆ ಬಂದು ಈಜು ಕಲಿಯುವ ಮಕ್ಕಳೇ ಬೇರೆ, ವರ್ಷವಿಡೀ ಕ್ಲಬ್‌ನಲ್ಲಿ ತರಬೇತಿ ಪಡೆಯುವವರೇ ಬೇರೆ. ಇಲ್ಲಿ ಜೂನ್ ಬಂತೆಂದರೆ ಇಬ್ಬರೂ ಒಂದೇ ತಂಡ, ಒಂದೇ ಟೋಪಿ. ತಕರಾರು ಹುಟ್ಟುವುದೂ ಅಲ್ಲಿಯೇ. ಕ್ಲಬ್ ಮಕ್ಕಳಿಗೆ ಶುಲ್ಕ ರಿಯಾಯಿತಿ, ಅಭ್ಯಾಸಕ್ಕೆ ಬಾರದಿದ್ದರೂ ಶನಿವಾರದ ಮೀಟ್‌ನಲ್ಲಿ ಜಾಗ, ಬೇರೆ ಜಾಕೆಟ್, ಅವರಿಗಷ್ಟೇ ಊಟ: ಯಾರೂ ಕೂತು ತೀರ್ಮಾನಿಸದೆಯೇ ಇವೆಲ್ಲ ವರ್ಷಕ್ಕೊಂದರಂತೆ ಸೇರಿಕೊಳ್ಳುತ್ತವೆ.

ನಮ್ಮ ಸಮಿತಿ ಇದನ್ನು ಸರಿಪಡಿಸಲು ಕೂತಾಗ ಮೊದಲು ತೆಗೆದದ್ದು ಅಂಕಗಳ ಲೆಕ್ಕ. "ಅವರೇ ಗೆಲ್ಲಿಸುವುದು, ಅವರಿಗೆ ಕೊಟ್ಟರೆ ತಪ್ಪೇನು" ಎಂಬ ಮಾತಿಗೆ ಅಲ್ಲೇ ಉತ್ತರವಿದೆ. ಎರಡು ತಂಡಗಳ ವೇಗದ ಮಕ್ಕಳು ಎದುರಾಗುವ ಶನಿವಾರದ ಎ ಮೀಟ್‌ನಲ್ಲಿ 40 ವೈಯಕ್ತಿಕ ಸ್ಪರ್ಧೆಗಳು, 12 ರಿಲೇಗಳು. ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲ ಮೂವರಿಗೆ 5, 3, 1 ಅಂಕ. ರಿಲೇ ಗೆದ್ದರೆ 5, ಸೋತರೆ ಸೊನ್ನೆ. ಒಟ್ಟು 420. ಒಂದು ತಂಡ 40ಕ್ಕೆ 40 ಮೊದಲ ಸ್ಥಾನ ಗೆದ್ದಿತು ಎನ್ನಿ: 200 ಅಂಕ. ಎದುರಾಳಿ ಎಲ್ಲ ಎರಡನೇ, ಮೂರನೇ ಸ್ಥಾನ ಹಿಡಿದರೆ 160, ಜೊತೆಗೆ ಅಷ್ಟೂ ರಿಲೇ ಗೆದ್ದರೆ ಇನ್ನೊಂದು 60. ಒಂದೇ ಒಂದು ಮೊದಲ ಸ್ಥಾನವಿಲ್ಲದೆ 220–200ರಲ್ಲಿ ಅವರು ಗೆಲ್ಲುತ್ತಾರೆ. ಇನ್ನೊಂದು ಲೆಕ್ಕ: ಪ್ರತಿ ಸ್ಪರ್ಧೆಗೆ ತಂಡದಿಂದ 3 ಜನ, ಅಂದರೆ 120 ಜಾಗ. ಒಂದು ಮಗು ಎರಡಕ್ಕಿಂತ ಹೆಚ್ಚು ವೈಯಕ್ತಿಕ ಸ್ಪರ್ಧೆಯಲ್ಲಿ ಈಜುವಂತಿಲ್ಲ. ಅಷ್ಟೂ ಜಾಗ ತುಂಬಲು ಕಡೇಪಕ್ಷ 60 ಮಕ್ಕಳು ಬೇಕು. ಮೂರನೇ ಸ್ಥಾನದ ಆ ಒಂದು ಅಂಕ ತರುವ ಮಗುವನ್ನು ಬೇಸರಪಡಿಸಿ ಮೊದಲನೆಯವನಿಗೆ ಜಾಕೆಟ್ ಕೊಡುವುದು ತಂಡಕ್ಕೇ ನಷ್ಟ.

ಆಮೇಲೆ ಕೊಡುತ್ತಿದ್ದ ಪ್ರತಿಯೊಂದನ್ನೂ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಮೂರು ಪ್ರಶ್ನೆ ಹಾಕಿದೆವು. ಇದು ಈಜಿಗೆ ಬೇಕಾದದ್ದೋ, ಬರೀ ಉಡುಗೊರೆಯೋ? ದುಡ್ಡು ಯಾರದ್ದು? ಇದನ್ನು ಪಡೆಯುವ ದಾರಿ ಎಲ್ಲ ಮಕ್ಕಳಿಗೂ ತೆರೆದಿದೆಯೋ? ಶುಲ್ಕ ರಿಯಾಯಿತಿ ಮೊದಲನೆಯ ಪ್ರಶ್ನೆಯಲ್ಲೇ ಬಿತ್ತು. ರಿಯಾಯಿತಿ ಕೊಡುವುದಾದರೆ ಮನೆಯ ಕಷ್ಟ ನೋಡಿ ಕೊಡಬೇಕು, ಟೈಮಿಂಗ್ ನೋಡಿ ಅಲ್ಲ; ಅದನ್ನು ಖಜಾಂಚಿಯೊಬ್ಬರಿಗೇ ಗೊತ್ತಿರುವಂತೆ ಇಟ್ಟೆವು. ಜಾಕೆಟ್ ಮತ್ತು ಊಟದ ಖರ್ಚು ಎಲ್ಲರ ಶುಲ್ಕದಿಂದ ಹೋಗುತ್ತಿತ್ತು, ಹಾಗಾಗಿ ಜಾಕೆಟ್ ನಿಲ್ಲಿಸಿ ಶುಕ್ರವಾರದ ಪಾಸ್ತಾ ಊಟವನ್ನು ಇಡೀ ತಂಡಕ್ಕೆ ಮಾಡಿದೆವು. ದಾಖಲೆ ಫಲಕವನ್ನು ಮಾತ್ರ ಮುಟ್ಟಲಿಲ್ಲ. ವೇಗಕ್ಕೆ ಸಲ್ಲಬೇಕಾದ ಗೌರವ ಅದು, ಯಾರ ಪಾಲನ್ನೂ ಕಿತ್ತುಕೊಳ್ಳುವುದಿಲ್ಲ. ಪಕ್ಕದ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಕೇಟಿ ಲೆಡೆಕಿ ಕೂಡ ಇಂಥದ್ದೇ ಒಂದು ಬೇಸಿಗೆ ತಂಡದಲ್ಲಿ, ಪ್ಯಾಲಿಸೇಡ್ಸ್‌ನಲ್ಲಿ, ಈಜಿ ಬೆಳೆದವರು. ಅಂಥ ವೇಗವನ್ನು ಮುಚ್ಚಿಡುವುದು ಸಮಾನತೆಯಲ್ಲ.

ಕಷ್ಟವಾದದ್ದು ಅಭ್ಯಾಸದ ವಿನಾಯಿತಿ. ಕ್ಲಬ್ ಮಕ್ಕಳು ಬೆಳಗಿನ ಜಾವವೇ ಬೇರೆ ಕೊಳದಲ್ಲಿ ಎರಡು ತಾಸು ಈಜಿ ಬಂದಿರುತ್ತಾರೆ. ಅದರ ಮೇಲೆ ಇಲ್ಲೂ ಪೂರ್ತಿ ಈಜಿಸಿದರೆ ಭುಜ ನೋಯುತ್ತದೆ. ಆದ್ದರಿಂದ ವಿನಾಯಿತಿಗೆ ನಿಜವಾದ ಕಾರಣವಿದೆ. ಆದರೆ ಆ ಕಾರಣ ದಣಿವು, ದರ್ಜೆಯಲ್ಲ. ಬೇರೆ ಆಟದ ಶಿಬಿರಕ್ಕೆ ಹೋಗುವ ನಿಧಾನದ ಮಗುವಿಗೂ ಅದೇ ನಿಯಮ ಅನ್ವಯಿಸಬೇಕು. ನಾವು ಬರೆದದ್ದು ಇಷ್ಟೇ: ಯಾರೇ ಆಗಲಿ ವಾರಕ್ಕೆ ಎರಡು ದಿನ ಬರಬೇಕು, ಅದರಲ್ಲಿ ಒಂದು ರಿಲೇ ಅಭ್ಯಾಸದ ದಿನವಾಗಿರಬೇಕು. ರಿಲೇ ದಿನವನ್ನು ಬಿಡಲಾಗದ್ದಕ್ಕೆ ಕಾರಣವಿದೆ. ಈಜಿ ಬರುತ್ತಿರುವವರು ಗೋಡೆ ಮುಟ್ಟುವ ಮೊದಲೇ ಅವರ ನಂತರ ಈಜಬೇಕಾದವರ ಕಾಲು ಕಟ್ಟೆ ಬಿಟ್ಟರೆ ಆ ತಂಡದ ಇಡೀ ರಿಲೇ ರದ್ದು. ಒಬ್ಬರ ಕೊನೆಯ ಕೈ ಬೀಸು ಹೇಗಿರುತ್ತದೆಂದು ಇನ್ನೊಬ್ಬರು ನೋಡಿ ನೋಡಿ ಅಭ್ಯಾಸವಾಗಿರಬೇಕು. ಅತಿ ವೇಗದ ಮಗು ಶನಿವಾರ ಬೆಳಿಗ್ಗೆ ನೇರವಾಗಿ ಬಂದು ನಿಂತಾಗಲೇ ಈ ತಪ್ಪು ಹೆಚ್ಚು, ಮತ್ತು ಅದರ ಬೆಲೆಯನ್ನು ವಾರವಿಡೀ ಬಂದ ಉಳಿದ ಮೂವರು ತೆರುತ್ತಾರೆ.

ಯಾರ ಪಟ್ಟಿಯಲ್ಲೂ ಇರದ ಒಂದು ಸವಲತ್ತು ಎಲ್ಲಕ್ಕಿಂತ ದೊಡ್ಡದು: ಮುಖ್ಯ ಕೋಚ್‌ನ ಕಣ್ಣು. ಆರು ಲೇನ್‌ಗಳಲ್ಲಿ ಮಕ್ಕಳನ್ನು ವೇಗದ ಪ್ರಕಾರ ಹಂಚುವುದು ಸರಿಯೇ, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆದರೆ ಮುಖ್ಯ ಕೋಚ್ ವೇಗದ ಲೇನ್ ತುದಿಯಲ್ಲೇ ನಿಂತು, ಕೊನೆಯ ಲೇನ್‌ಗಳನ್ನು ಹೈಸ್ಕೂಲಿನ ಸಹಾಯಕ ಕೋಚ್‌ಗಳಿಗೆ ಬಿಟ್ಟರೆ, ಅತಿ ಹೆಚ್ಚು ತಿದ್ದುವಿಕೆ ಬೇಕಾದವರಿಗೆ ಅದು ಸಿಗುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಒಂದು ಅಭ್ಯಾಸದುದ್ದಕ್ಕೂ ಲೆಕ್ಕ ಹಾಕಿ ನೋಡಿ, ಬೇರೆ ವಾದ ಬೇಡ. ಪ್ರತಿ ದಿನ ಒಂದೊಂದು ಲೇನ್‌ಗೆ ಮುಖ್ಯ ಕೋಚ್‌ನ 15 ನಿಮಿಷ ಎಂದು ಗೊತ್ತುಮಾಡಿದೆವು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲು ಕತ್ತರಿಯಂತೆ ಹೋಗಿ ಪದೇ ಪದೇ ಅನರ್ಹರಾಗುವ ಚಿಕ್ಕವರಿಗೆ ಆ 15 ನಿಮಿಷವೇ ಬೇಕಾಗಿರುವುದು.

ಋತು ಮುಗಿದಾಗ ಕೊಡುವ ಬಹುಮಾನಕ್ಕೆ ಸುಧಾರಣೆಯ ಲೆಕ್ಕವನ್ನೂ ಸೇರಿಸಿದೆವು. ಸೆಕೆಂಡಿನಲ್ಲಿ ಅಳೆಯಬೇಡಿ, ಶೇಕಡಾವಾರು ಅಳೆಯಿರಿ: 50 ಮೀಟರ್ ಫ್ರೀಸ್ಟೈಲ್‌ನಲ್ಲಿ 42.00ರಿಂದ 39.90ಕ್ಕೆ ಇಳಿದರೆ ಶೇ 5, 31.00ರಿಂದ 30.38ಕ್ಕೆ ಇಳಿದರೆ ಶೇ 2. ಇಲ್ಲಿ ತಪ್ಪುವುದು ಮೊದಲ ಟೈಮಿಂಗ್‌ನಲ್ಲಿ. ಮೇ ಕೊನೆಗೆ ಹೊರಾಂಗಣ ಕೊಳದ ನೀರು ಇನ್ನೂ ಕೊರೆಯುತ್ತಿರುತ್ತದೆ, ಎಲ್ಲರೂ ನಿಧಾನ. ಜುಲೈನಲ್ಲಿ ಎಲ್ಲರೂ ಸುಧಾರಿಸಿದಂತೆ ಕಾಣುತ್ತದೆ. ಅದಕ್ಕೇ ಟೈಮ್ ಟ್ರಯಲ್ (ಋತುವಿನ ಆರಂಭದಲ್ಲಿ ತಂಡದೊಳಗೇ ನಡೆಯುವ ಸಮಯ ಪರೀಕ್ಷೆ) ಮತ್ತು ಮೊದಲ ಬಿ ಮೀಟ್ (ಮುಖ್ಯವಾಗಿ ಎ ಮೀಟ್‌ಗೆ ಆಯ್ಕೆಯಾಗದವರಿಗಾಗಿ ನಡೆಯುವ ಸ್ಪರ್ಧೆ), ಎರಡರಲ್ಲಿ ಉತ್ತಮವಾದದ್ದನ್ನು ಆಧಾರವಾಗಿ ಹಿಡಿದೆವು. ಹಿಂದಿನ ವರ್ಷದ ಟೈಮಿಂಗ್ ಅದಕ್ಕಿಂತ ಚೆನ್ನಾಗಿದ್ದರೆ ಅದೇ ಆಧಾರ. ಕ್ಲಬ್ ಮಕ್ಕಳಿಗೆ ಇಳಿಸಲು ಉಳಿದಿರುವುದೇ ಕಡಿಮೆ, ಆದ್ದರಿಂದ ಹೊಸಬರನ್ನೂ ಹಳಬರನ್ನೂ ಬೇರೆ ಬೇರೆ ಪಟ್ಟಿಯಲ್ಲಿಟ್ಟೆವು.

ವಯಸ್ಸಿನ ಗುಂಪನ್ನೂ ಮರೆಯಬಾರದು. ಜೂನ್ 1ಕ್ಕೆ ತುಂಬಿರುವ ವಯಸ್ಸೇ ಲೆಕ್ಕ. ಜೂನ್ 2ಕ್ಕೆ 11 ತುಂಬುವ ಮಗು ಇಡೀ ಬೇಸಿಗೆ 9–10ರ ಗುಂಪಿನಲ್ಲೇ ದೊಡ್ಡದಾಗಿ ಗೆಲ್ಲುತ್ತದೆ, ಗುಂಪು ಬದಲಾದಾಗ ಹಿಂದೆ ಬೀಳುತ್ತದೆ. ಗೆದ್ದ ವರ್ಷ ಕೊಟ್ಟ ವಿಶೇಷ ಸೌಲಭ್ಯವನ್ನು ಆಗ ವಾಪಸ್ ಪಡೆಯಬೇಕಾಗುತ್ತದೆ. ಹತ್ತು ವರ್ಷದ ಮಗುವಿಗೆ ಹಾಗೆ ಮಾಡಬಾರದು.

ಮೀಟ್ ನಡೆಸಲು ತಂದೆತಾಯಂದಿರು ಮಾಡುವ ಸೇವೆಯಲ್ಲೂ ವಿನಾಯಿತಿ ತೆಗೆದೆವು. ಲೇನ್‌ಗೆ ಮೂರು ಸ್ಟಾಪ್‌ವಾಚ್, ಆರು ಲೇನ್‌ಗೆ 18 ಜನ ಟೈಮರ್‌ಗಳು ಎರಡೂ ತಂಡಗಳಿಂದ ಬೇಕು. ಎ ಮೀಟ್‌ನಲ್ಲಿ ಮಗು ಈಜುತ್ತಿರುವವರು ಅಂದೇ ಅರ್ಧ ಪಾಳಿ ಮಾಡಬೇಕು, ಸೋಮವಾರ ಸಂಜೆಯ ಬಿ ಮೀಟ್‌ಗೆ ಋತುವಿನಲ್ಲಿ ಒಮ್ಮೆಯಾದರೂ ಬರಬೇಕು. ಬಿ ಮೀಟ್‌ನಲ್ಲಿ ದೊಡ್ಡ ಈಜುಗಾರರೂ ಚಿಕ್ಕವರನ್ನು ಸಾಲಾಗಿ ಕೂರಿಸಿ, ಬ್ಲಾಕ್‌ವರೆಗೆ ಕರೆದೊಯ್ಯುತ್ತಾರೆ.

ಇದೆಲ್ಲವೂ ಒಂದೇ ಪುಟದಲ್ಲಿ, ನೋಂದಣಿ ಶುರುವಾಗುವ ಮೊದಲೇ ಎಲ್ಲರ ಕೈಗೆ ಸಿಗಬೇಕು. ಋತುವಿನ ನಡುವೆ ನಿಯಮ ತಂದರೆ ಅದು ಯಾವುದೋ ಒಂದು ಮಗುವನ್ನು ನೋಡಿ ಮಾಡಿದಂತೆಯೇ ಕಾಣುತ್ತದೆ. ಪಕ್ಷಪಾತದ ದೂರು ಬಂದಾಗ ಅದನ್ನು ಕೇಳಲು ಇಬ್ಬರಿರಲಿ, ಅವರಲ್ಲಿ ಒಬ್ಬರಾದರೂ ಬಿ ಮೀಟ್ ಮಗುವಿನ ಪೋಷಕರಾಗಿರಲಿ.