ಮೊದಲ ಸೆಮಿಸ್ಟರ್‌ನ ಸಿ ಲ್ಯಾಬ್: ಯಂತ್ರಕ್ಕಿಂತ ಮೊದಲು ಪೆನ್ಸಿಲ್

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಮೊದಲ ಸೆಮಿಸ್ಟರ್ ವಿದ್ಯಾರ್ಥಿಗಳಿಗೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವುದು ನನ್ನ ಕೆಲಸ. ಹಲವು ತಂಡಗಳಿಗೆ ಪಾಠ ಮಾಡಿದ ಮೇಲೆ ನನ್ನ ಲ್ಯಾಬಿನಲ್ಲಿ ಒಂದು ನಿಯಮ ಗಟ್ಟಿಯಾಗಿ ನಿಂತಿದೆ: ಪ್ರೋಗ್ರಾಮನ್ನು ಓಡಿಸುವ ಮೊದಲು ಅದರಿಂದ ಯಾವ ಉತ್ತರ ಬರುತ್ತದೆ ಎಂಬುದನ್ನು ವಿದ್ಯಾರ್ಥಿ ಪೆನ್ಸಿಲ್ಲಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಪುಟದ ಎಡಭಾಗದಲ್ಲಿ ‘ನನ್ನ ಲೆಕ್ಕ’, ಬಲಭಾಗದಲ್ಲಿ ‘ಯಂತ್ರದ ಉತ್ತರ’, ಎರಡೂ ಬೇರೆಯಾದರೆ ಕೆಳಗೆ ಅದಕ್ಕೆ ಕಾರಣ. ಈ ನಿಯಮ ನಮ್ಮಲ್ಲಿ ಹೇಗೆ ನಡೆಯುತ್ತದೆ, ಪಠ್ಯಕ್ರಮದ ಯಾವ ಜಾಗಗಳಲ್ಲಿ ಅದು ಫಲ ಕೊಡುತ್ತದೆ ಎಂಬುದನ್ನು ಹೊಸದಾಗಿ ಸೇರುವವರಿಗೂ ನನ್ನಂತೆ ಕಲಿಸುವವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಪಠ್ಯಕ್ರಮದ ವಿಷಯ. ನಾನು ಇಲ್ಲಿ ಹೇಳುವುದೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮದ ಪ್ರಕಾರ. ಅದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಎರಡು ಗುಂಪುಗಳಾಗುತ್ತಾರೆ. ಎಲ್ಲರ ಬಾಯಲ್ಲೂ ಅವು ಫಿಸಿಕ್ಸ್ ಸೈಕಲ್ ಮತ್ತು ಕೆಮಿಸ್ಟ್ರಿ ಸೈಕಲ್. ಗಣಿತ ಇಬ್ಬರಿಗೂ ಇದೆ. ಸಿ ಪ್ರೋಗ್ರಾಮಿಂಗ್ ಫಿಸಿಕ್ಸ್ ಸೈಕಲ್‌ನವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಬರುತ್ತದೆ, ಉಳಿದವರಿಗೆ ಎರಡನೆಯದರಲ್ಲಿ. ಭೌತಶಾಸ್ತ್ರದಲ್ಲಿ ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಂ ಮೆಕ್ಯಾನಿಕ್ಸ್, ಕ್ವಾಂಟಂ ಕಂಪ್ಯೂಟಿಂಗ್‌ನ ಪರಿಚಯ ಇವೆ. ಇವುಗಳ ಜೊತೆಗೆ ಬೇರೆ ವಿಭಾಗದ ಒಂದು ಪರಿಚಯ ಪತ್ರಿಕೆ, ಇಂಗ್ಲಿಷ್, ಸಂವಿಧಾನ, ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಮೊದಲ ವರ್ಷದಲ್ಲಿ ಹಂಚಿಕೊಂಡು ಬರುತ್ತವೆ. ಸಿ ಪತ್ರಿಕೆಯ ಐದು ಮಾಡ್ಯೂಲ್‌ಗಳು ಇನ್‌ಪುಟ್-ಔಟ್‌ಪುಟ್‌ನಿಂದ ಆರಂಭವಾಗಿ ಆಪರೇಟರ್, ಇಫ್-ಎಲ್ಸ್, ಲೂಪ್, ಫಂಕ್ಷನ್, ಅರೇ, ಸ್ಟ್ರಿಂಗ್‌ಗಳನ್ನು ದಾಟಿ ಪಾಯಿಂಟರ್ ಮತ್ತು ಸ್ಟ್ರಕ್ಚರ್‌ಗೆ ಮುಗಿಯುತ್ತವೆ.

ನನ್ನ ತರಗತಿಗೆ ಬರುವವರಲ್ಲಿ ನಗರದವರ ಜೊತೆ ಜೇವರ್ಗಿ, ಸೇಡಂ, ಚಿಂಚೋಳಿ, ಅಫಜಲಪುರದ ಕಡೆಯವರು, ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದವರು ಇರುತ್ತಾರೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬಂದವರು ಸಾಕಷ್ಟು ಜನ. ಅವರಿಗೆ ಲೆಕ್ಕ ಬರುತ್ತದೆ, ಆದರೆ ಪರದೆಯ ಮೇಲೆ ಬಂದದ್ದೆಲ್ಲ ಸರಿಯೇ ಇರುತ್ತದೆ ಎಂಬ ನಂಬಿಕೆಯೂ ಗಾಢವಾಗಿರುತ್ತದೆ. ಆ ನಂಬಿಕೆಯನ್ನು ಸಡಿಲಿಸದೆ ಪ್ರೋಗ್ರಾಮಿಂಗ್ ಕಲಿಸಲು ಸಾಧ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಲ್ಯಾಬಿನ ಮೊದಲ ಭಾಗದಲ್ಲಿ ಕಂಪ್ಯೂಟರ್‌ಗಳನ್ನು ಆನ್ ಮಾಡಲು ನಾನು ಬಿಡುವುದಿಲ್ಲ. ವಿವರಣೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಪರೀಕ್ಷೆಯಲ್ಲಿ ಬರುವ ರೂಪದಲ್ಲೇ.

ಆರಂಭದಲ್ಲಿ ಕೊಡುವ ಲೆಕ್ಕ ಬಹಳ ಸಣ್ಣದು. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಎಂದುಕೊಂಡರೆ ಫ್ಯಾರನ್‌ಹೀಟ್‌ನಲ್ಲಿ ಎಷ್ಟು? ಸೂತ್ರ ಎಲ್ಲರಿಗೂ ಗೊತ್ತು: 9ನ್ನು 5ರಿಂದ ಭಾಗಿಸಿ, 42ರಿಂದ ಗುಣಿಸಿ, 32 ಕೂಡಿಸಬೇಕು. ಪೆನ್ಸಿಲ್ಲಿನ ಉತ್ತರ 107.6. ಅದೇ ಸೂತ್ರವನ್ನು ಇದೇ ಕ್ರಮದಲ್ಲಿ ಸಿ ಭಾಷೆಯಲ್ಲಿ ಬರೆದು ಓಡಿಸಿದರೆ ಬರುವುದು 74. ಎರಡು ಪೂರ್ಣಾಂಕಗಳ ಭಾಗಾಕಾರದಲ್ಲಿ ಸಿ ದಶಮಾಂಶ ಭಾಗವನ್ನು ಬಿಟ್ಟುಬಿಡುವುದರಿಂದ 9/5 ಎಂದರೆ 1.8 ಆಗದೆ 1 ಆಗುತ್ತದೆ. ಎಡಭಾಗದಲ್ಲಿ 107.6 ಎಂದು ಬರೆದವನು 74ನ್ನು ಕಂಡ ಕೂಡಲೇ ಎಚ್ಚರಗೊಳ್ಳುತ್ತಾನೆ. ಏನನ್ನೂ ಬರೆಯದವನು ಅದನ್ನೇ ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ. 9.0/5 ಎಂದು ತಿದ್ದುವುದು ಕ್ಷಣದ ಕೆಲಸ, ಆದರೆ ಆ ತಿದ್ದುಪಡಿಯ ಅಗತ್ಯ ಇದೆಯೆಂದು ಯಂತ್ರ ಎಂದೂ ಹೇಳುವುದಿಲ್ಲ.

ಈ ಕ್ರಮದ ಪೂರ್ತಿ ಬಲ ಕಾಣುವುದು ವಿದ್ಯುತ್ ಬಿಲ್ಲಿನ ಪ್ರೋಗ್ರಾಮಿನಲ್ಲಿ. ಲ್ಯಾಬಿನ ಪಟ್ಟಿಯಲ್ಲಿರುವ ಆ ಪ್ರಶ್ನೆ ಹೀಗಿದೆ: ಮೊದಲ 200 ಯೂನಿಟ್‌ಗಳಿಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗಳಿಗೆ ತಲಾ 90 ಪೈಸೆ, 300ನ್ನು ಮೀರಿದ ಪ್ರತಿ ಯೂನಿಟ್‌ಗೆ 1 ರೂಪಾಯಿ, ಎಲ್ಲರಿಗೂ ಮೀಟರ್ ಶುಲ್ಕ 100 ರೂಪಾಯಿ, ಒಟ್ಟು ಮೊತ್ತ 400 ರೂಪಾಯಿಗಿಂತ ಹೆಚ್ಚಾದರೆ ಅದರ ಮೇಲೆ ಶೇಕಡಾ 15 ಸರ್‌ಚಾರ್ಜ್. ಇವು ಪಠ್ಯದ ದರಗಳು, ನಮ್ಮ ಜೆಸ್ಕಾಂ ದರಗಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ಮನೆಗೆ ಬರುವ ಬಿಲ್ಲನ್ನು ಓದಿ ಬಲ್ಲವರಿಗೆ ಸ್ಲ್ಯಾಬ್ ಎಂದರೇನೆಂದು ವಿವರಿಸಬೇಕಾಗಿಲ್ಲ. 250 ಯೂನಿಟ್‌ಗೆ ಲೆಕ್ಕ ಮಾಡಿ ಎಂದರೆ ಹೆಚ್ಚಿನವರು ಸರಿಯಾಗಿಯೇ ಮಾಡುತ್ತಾರೆ: 200ಕ್ಕೆ 160, ಉಳಿದ 50ಕ್ಕೆ 45, ಮೀಟರ್ ಶುಲ್ಕ 100, ಒಟ್ಟು 305 ರೂಪಾಯಿ. ಪ್ರೋಗ್ರಾಮಿನಲ್ಲಿ ಮಾತ್ರ ಕೆಲವರು ಪೂರ್ತಿ 250 ಯೂನಿಟ್‌ಗಳನ್ನು 90 ಪೈಸೆಯಿಂದ ಗುಣಿಸಿರುತ್ತಾರೆ, ಆಗ ಯಂತ್ರ 325 ಎನ್ನುತ್ತದೆ. 305 ಎಡಭಾಗದಲ್ಲಿ ಇರುವುದರಿಂದ ಅದು ಅಲ್ಲೇ ಸಿಕ್ಕಿಬೀಳುತ್ತದೆ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಗಡಿಗಳಲ್ಲಿ. 200 ಯೂನಿಟ್ ಬಳಸಿದವರು ಯಾವ ಸ್ಲ್ಯಾಬಿಗೆ ಸೇರುತ್ತಾರೆ? ಯಾವ ಕಡೆ ಸೇರಿಸಿದರೂ ಮೀಟರ್ ಶುಲ್ಕ ಬಿಟ್ಟು 160 ರೂಪಾಯಿಯೇ ಬರುತ್ತದೆ ಎಂಬುದನ್ನು ಕೈಯಾರೆ ಮಾಡಿ ನೋಡಿದಾಗ, ಈ ಗಡಿಯಲ್ಲಿ ‘ಕಡಿಮೆ’ ಮತ್ತು ‘ಕಡಿಮೆ ಅಥವಾ ಸಮ’ ಎಂಬ ಚಿಹ್ನೆಗಳ ನಡುವೆ ವ್ಯತ್ಯಾಸವಿಲ್ಲವೆಂದು ತಿಳಿಯುತ್ತದೆ. ಸರ್‌ಚಾರ್ಜಿನ ಗಡಿ ಹಾಗಲ್ಲ. 350 ಯೂನಿಟ್‌ಗೆ 160, 90, 50 ಮತ್ತು 100 ಸೇರಿ ಸರಿಯಾಗಿ 400 ರೂಪಾಯಿ ಆಗುತ್ತದೆ. “ಸರ, 350ಕ್ಕ ಸರ್‌ಚಾರ್ಜ್ ಹತ್ತತದೇನ್ರಿ?” ಎಂಬ ಪ್ರಶ್ನೆ ತರಗತಿಯಿಂದಲೇ ಬರಬೇಕೆಂದು ನಾನು ಕಾಯುತ್ತೇನೆ, ಬಂದೇ ಬರುತ್ತದೆ. ಪ್ರಶ್ನೆಯಲ್ಲಿ ‘400ಕ್ಕಿಂತ ಹೆಚ್ಚು’ ಎಂದಿದೆ, ಆದ್ದರಿಂದ ಹತ್ತುವುದಿಲ್ಲ. 351ಕ್ಕೆ 401 ಆಗಿ, ಸರ್‌ಚಾರ್ಜ್ ಸೇರಿ 461 ರೂಪಾಯಿ 15 ಪೈಸೆ. ಚಿಹ್ನೆಯಲ್ಲಿ ಒಂದು ‘=’ ಹೆಚ್ಚಾದರೆ 350 ಯೂನಿಟ್ ಬಳಸಿದ ಮನೆಯವರ ಮೇಲೆ 60 ರೂಪಾಯಿ ಅನ್ಯಾಯವಾಗಿ ಬೀಳುತ್ತದೆ. ಪರೀಕ್ಷಕರು ಎಷ್ಟು ಅಂಕ ಕಳೆಯುತ್ತಾರೋ ತಿಳಿಯದು, ಆದರೆ ಆ 60 ರೂಪಾಯಿಯ ಲೆಕ್ಕವನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ. ಪ್ರತಿ ಪ್ರೋಗ್ರಾಮಿಗೂ ಗಡಿಯ ಮೇಲೆ, ಗಡಿಯ ಆಚೆ, ಗಡಿಯ ಈಚೆ ಒಂದೊಂದು ಬೆಲೆಯನ್ನು ತಾವೇ ಆರಿಸಿ ಲೆಕ್ಕ ಮಾಡುವ ಅಭ್ಯಾಸ ಇಲ್ಲಿಂದ ಶುರುವಾಗುತ್ತದೆ.

ವರ್ಗಸಮೀಕರಣದ ಮೂಲಗಳನ್ನು ಕಂಡುಹಿಡಿಯುವ ಪ್ರೋಗ್ರಾಮಿನಲ್ಲಿ ಇನ್ನೊಂದು ಬಗೆಯ ವ್ಯತ್ಯಾಸ ಎದುರಾಗುತ್ತದೆ. ಸಹಗುಣಕಗಳಾಗಿ 1, 0.2 ಮತ್ತು 0.01 ಕೊಟ್ಟರೆ ಶೋಧಕ (b² − 4ac) 0.04ರಿಂದ 0.04 ಕಳೆದು ಸೊನ್ನೆ, ಎರಡೂ ಮೂಲಗಳು −0.1. ದಶಮಾಂಶ ಸಂಖ್ಯೆಗಳನ್ನು ಹಿಡಿಯುವ ಡಬಲ್ ಬಗೆಯ ವೇರಿಯಬಲ್‌ಗಳಲ್ಲಿ ಓಡಿಸಿದಾಗ ಮಾತ್ರ ಪ್ರೋಗ್ರಾಮು ‘ಮೂಲಗಳು ಬೇರೆ ಬೇರೆ’ ಎಂದು ಹೇಳಿ, ಕೆಳಗೆ ಎರಡು ಸಲವೂ −0.100000 ಎಂದೇ ಅಚ್ಚಿಸುತ್ತದೆ. 0.2 ಎಂಬ ಸಂಖ್ಯೆಗೆ ದ್ವಿಮಾನ ಪದ್ಧತಿಯಲ್ಲಿ ಕೊನೆಗೊಳ್ಳುವ ರೂಪವಿಲ್ಲ. ಯಂತ್ರದಲ್ಲಿ ಉಳಿಯುವುದು ಅದರ ಹತ್ತಿರದ ಬೆಲೆ, ಅದರ ವರ್ಗ 0.04ಕ್ಕಿಂತ ಅತ್ಯಲ್ಪ ಹೆಚ್ಚು, ಹೀಗಾಗಿ ಶೋಧಕ ಸೊನ್ನೆಗೆ ಬದಲಾಗಿ ಅತಿ ಚಿಕ್ಕ ಧನಸಂಖ್ಯೆಯಾಗುತ್ತದೆ. ದಶಮಾಂಶ ಸಂಖ್ಯೆಗಳನ್ನು ಸೊನ್ನೆಗೆ ಸಮವೇ ಎಂದು ನೇರವಾಗಿ ಹೋಲಿಸಬಾರದು ಎಂಬ ಎಚ್ಚರಿಕೆಯನ್ನು ಬೋರ್ಡಿನ ಮೇಲೆ ಬರೆದಾಗ ಯಾರಿಗೂ ನಾಟುವುದಿಲ್ಲ, ಈ ಎರಡು ಸಾಲುಗಳ ಔಟ್‌ಪುಟ್ ಕಂಡಾಗ ನಾಟುತ್ತದೆ.

ಗಣಿತದ ತರಗತಿಯನ್ನೂ ಸಿ ಲ್ಯಾಬನ್ನೂ ವಿದ್ಯಾರ್ಥಿಗಳು ಎರಡು ಬೇರೆ ಲೋಕಗಳೆಂದು ಭಾವಿಸಿರುತ್ತಾರೆ. ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆಂದೇ ರೂಪಿಸಿದ ಈ ಗಣಿತ ಪತ್ರಿಕೆಯಲ್ಲಿ ಶ್ರೇಣಿ ವಿಸ್ತರಣೆ ಇದೆ, ಒಂದು ಪೂರ್ತಿ ಮಾಡ್ಯೂಲ್ ಮಾಡ್ಯುಲರ್ ಅಂಕಗಣಿತಕ್ಕೆ, ಅಂದರೆ ಶೇಷಗಳ ಲೆಕ್ಕಕ್ಕೆ, ಮೀಸಲಾಗಿದೆ. ಲ್ಯಾಬಿನಲ್ಲಿ ಟೇಲರ್ ಶ್ರೇಣಿಯಿಂದ ಸೈನ್ ಬೆಲೆ ಕಂಡುಹಿಡಿಯುವ ಪ್ರೋಗ್ರಾಮ್ ಇದೆ. 30 ಡಿಗ್ರಿಯನ್ನು ರೇಡಿಯನ್‌ಗೆ ಪರಿವರ್ತಿಸಿದರೆ 0.523599, ಶ್ರೇಣಿಯ ಮೊದಲ ಮೂರು ಪದಗಳನ್ನು ಕೈಯಲ್ಲಿ ಲೆಕ್ಕ ಹಾಕಿದರೆ 0.500002 ಬಂದು, ಗೊತ್ತಿರುವ 0.5ರ ಪಕ್ಕಕ್ಕೇ ನಿಲ್ಲುತ್ತದೆ. ಪರಿವರ್ತಿಸದೆ 30ನ್ನೇ ಇಟ್ಟರೆ ಅದೇ ಮೂರು ಪದಗಳು 30, −4500, 202500 ಆಗಿ ಲೆಕ್ಕವೆಲ್ಲ ದಿಕ್ಕು ತಪ್ಪುತ್ತದೆ. ಶ್ರೇಣಿಯ ಛೇದಗಳಲ್ಲಿ ಫ್ಯಾಕ್ಟೋರಿಯಲ್, ಅಂದರೆ 1ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ ಬರುವುದರಿಂದ, ಆ ಫಂಕ್ಷನ್ನಿನ ಮಿತಿಯೂ ಇಲ್ಲಿಯೇ ಬಯಲಾಗುತ್ತದೆ. ಪೂರ್ಣಾಂಕಗಳಿಗೆಂದು ಇರುವ 32 ಬಿಟ್‌ನ ಇಂಟ್‌ನಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 2147483647. 12ರ ಫ್ಯಾಕ್ಟೋರಿಯಲ್ 479001600 ಅದರೊಳಗೆ ಕೂರುತ್ತದೆ, 13ರದು 6227020800 ಕೂರುವುದಿಲ್ಲ, ನಮ್ಮ ಯಂತ್ರಗಳಲ್ಲಿ ಅದರ ಜಾಗದಲ್ಲಿ 1932053504 ಕಾಣಿಸುತ್ತದೆ. ನೋಡಲು ಇದೂ ಒಂದು ಸಭ್ಯವಾದ ದೊಡ್ಡ ಧನಸಂಖ್ಯೆ; ಗುಣಾಕಾರವನ್ನು ಕಾಗದದ ಮೇಲೆ ಮಾಡದವರಿಗೆ ಅನುಮಾನ ಬರಲು ಯಾವ ಕಾರಣವೂ ಇಲ್ಲ. ಪ್ರತಿ ಪದವನ್ನೂ ಹಿಂದಿನ ಪದದಿಂದಲೇ ಪಡೆದರೆ ಫ್ಯಾಕ್ಟೋರಿಯಲ್ಲಿನ ಗೊಡವೆಯೇ ಬೇಡ ಎಂಬುದನ್ನು ಆಮೇಲೆ ಅವರೇ ಕಂಡುಕೊಳ್ಳುತ್ತಾರೆ.

ಶೇಷದ ವಿಷಯವೂ ಹಾಗೆಯೇ. ಗಣಿತದ ಮೇಷ್ಟ್ರು −7ನ್ನು 3ರಿಂದ ಭಾಗಿಸಿದಾಗ ಶೇಷ 2 ಎಂದು ಕಲಿಸಿರುತ್ತಾರೆ, ಅದು ಸರಿ. ಸಿ ಭಾಷೆಯ % ಚಿಹ್ನೆ −1 ಕೊಡುತ್ತದೆ, ಏಕೆಂದರೆ ಅದು ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ವಾರದ ದಿನಗಳನ್ನು 0ಯಿಂದ 6ರವರೆಗೆ ಅರೇಯಲ್ಲಿ ಇಟ್ಟು ‘ನಿನ್ನೆ ಯಾವ ವಾರ’ ಎಂದು ಕೇಳುವ ಪ್ರೋಗ್ರಾಮಿನಲ್ಲಿ, ಇಂದು 0 ಆಗಿದ್ದರೆ ಒಂದನ್ನು ಕಳೆದು 7ರ ಶೇಷ ತೆಗೆದಾಗ −1 ಬಂದು ಅರೇಯ ಹೊರಗೆ ಕೈಹಾಕಿದಂತಾಗುತ್ತದೆ; ಒಂದನ್ನು ಕಳೆಯುವ ಬದಲು 6 ಕೂಡಿಸಿದರೆ ಎಂದೂ ಋಣಕ್ಕೆ ಹೋಗುವುದಿಲ್ಲ. ಹೀಗೆ 6 ಕೂಡಿಸಬಹುದು ಎಂಬ ಧೈರ್ಯ ಬರುವುದು ಗಣಿತದ ನಾಲ್ಕನೇ ಮಾಡ್ಯೂಲಿನಿಂದ.

ಸ್ಟ್ರಿಂಗ್‌ಗಳಿಗೆ, ಅಂದರೆ ಅಕ್ಷರಗಳ ಸಾಲುಗಳಿಗೆ, ಬಂದಾಗ ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕಲಬುರಗಿಗೆ 10 ಅಕ್ಷರ, ಕೊನೆಯ ಶೂನ್ಯ ಗುರುತಿಗೆ ಒಂದು ಸೇರಿ 11 ಬೈಟ್ ಜಾಗ ಬೇಕು. ಅದನ್ನೇ ಕನ್ನಡ ಲಿಪಿಯಲ್ಲಿ ಬರೆದು ಉದ್ದ ಅಳೆಯುವ ಸ್ಟ್ರ್‌ಲೆನ್ ಫಂಕ್ಷನ್ನಿಗೆ ಕೊಟ್ಟರೆ ಏನು ಬರುತ್ತದೆ ಎಂದು ಕೇಳುತ್ತೇನೆ. ಕಣ್ಣಿಗೆ ಕಾಣುವುದು ಐದು ಅಕ್ಷರ, ಹಾಗಾಗಿ ಎಲ್ಲರೂ 5 ಎಂದು ಬರೆಯುತ್ತಾರೆ. ಪರದೆಯ ಮೇಲೆ ಬರುವುದು 21. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕ, ಲ, ಬ, ಉಕಾರದ ಕೊಂಬು, ರ, ಗ, ಇಕಾರದ ಗುಡಿಸು ಎಂದು ಏಳು ಸಂಕೇತಗಳಿವೆ, ಅವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಈ ಫಂಕ್ಷನ್ ಅಕ್ಷರಗಳನ್ನು ಎಣಿಸುವುದಿಲ್ಲ, ಬೈಟ್‌ಗಳನ್ನು ಎಣಿಸುತ್ತದೆ. ಇದು ಪರೀಕ್ಷೆಯಲ್ಲಿ ಬರುವುದಿಲ್ಲ, ಆದರೂ ಇದನ್ನು ನಾನು ಬಿಡುವುದಿಲ್ಲ. ಮುಂದೆ ಕನ್ನಡದ ಆ್ಯಪ್ ಬರೆಯುವವರು ಈ ಬೆಂಚುಗಳಿಂದಲೇ ಬರಬೇಕೆಂಬುದು ನನ್ನ ಆಸೆ, ಹಾಗಾಗಿ ತಮ್ಮ ಲಿಪಿ ಯಂತ್ರದೊಳಗೆ ಹೇಗೆ ಕೂತಿದೆ ಎಂಬುದು ಅವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ತಿಳಿದಿರಬೇಕು.

ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲ್, ಎಲ್ಲರೂ ಹೆದರುವ ಪಾಠ. ನಾನು ಅಲ್ಲಿ ವ್ಯಾಖ್ಯಾನದಿಂದ ಆರಂಭಿಸದೆ ಮೆಮೊರಿಯ ಚಿತ್ರವನ್ನೇ ಬರೆಸುತ್ತೇನೆ. ಒಂದರ ಪಕ್ಕ ಒಂದು ಚೌಕ, ಕೆಳಗೆ 1000, 1004, 1008 ಎಂಬ ಕಾಲ್ಪನಿಕ ವಿಳಾಸಗಳು, ಪ್ರತಿ ಇಂಟ್‌ಗೆ 4 ಬೈಟ್. ಪಾಯಿಂಟರ್‌ಗೆ 1 ಕೂಡಿಸಿದರೆ ವಿಳಾಸ 1001 ಆಗದೆ 1004 ಆಗುವುದೇಕೆ ಎಂಬುದು ಚಿತ್ರದಲ್ಲೇ ಕಾಣುತ್ತದೆ. ಆಮೇಲೆ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಫಂಕ್ಷನ್. ಬೆಲೆಗಳನ್ನು ನೇರವಾಗಿ ಕಳಿಸಿದಾಗ ಫಂಕ್ಷನ್ನಿಗೆ ಸಿಗುವುದು ನಕಲುಗಳು ಮಾತ್ರ, ಅವು ಒಳಗೆ ಅದಲುಬದಲಾಗಿ ಫಂಕ್ಷನ್ನಿನ ಜೊತೆಗೇ ಮುಗಿದುಹೋಗುತ್ತವೆ. ಮೂಲ ಸಂಖ್ಯೆಗಳು ಇದ್ದಲ್ಲೇ ಇರುತ್ತವೆ. ಇಡೀ ಸೆಮಿಸ್ಟರ್‌ನಲ್ಲಿ ಎಡಭಾಗ ಮತ್ತು ಬಲಭಾಗ ಅತಿ ಹೆಚ್ಚು ಜನರಿಗೆ ಬೇರೆಯಾಗುವುದು ಇಲ್ಲಿಯೇ. ಮುಖ್ಯ ಫಂಕ್ಷನ್ನಿಗೆ ಒಂದು ಚೌಕದ ಸಾಲು, ಕರೆದ ಫಂಕ್ಷನ್ನಿಗೆ ಇನ್ನೊಂದು ಸಾಲು ಬರೆಸಿದರೆ ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಇಷ್ಟು ದಿನ ಕಾರಣ ಕೇಳದೆ ಹಾಕುತ್ತಿದ್ದ & ಚಿಹ್ನೆಗೂ ಅರ್ಥ ಬರುತ್ತದೆ: ಬೆಲೆಯನ್ನು ತುಂಬಬೇಕಾದವನಿಗೆ ಚೌಕದ ವಿಳಾಸವೇ ಬೇಕು.

ಪಾಯಿಂಟರ್ ಬಳಸಿ ಸರಾಸರಿ, ಮಾನಕ ವಿಚಲನೆ ಕಂಡುಹಿಡಿಯುವ ಪ್ರೋಗ್ರಾಮಿಗೆ ಎಪಿಎಂಸಿಯ ಒಂದು ವಾರದ ತೊಗರಿ ಧಾರಣೆಯನ್ನು ತರಲು ಹೇಳುತ್ತೇನೆ. ರೈತರ ಮನೆಯ ಮಕ್ಕಳು ಉತ್ತರವನ್ನು ಅಂದಾಜಿನಲ್ಲೇ ಹೇಳಿ, ಅದು ಯಂತ್ರದ್ದಕ್ಕೆ ಹತ್ತಿರ ಇರುವುದನ್ನು ತೋರಿಸುತ್ತಾರೆ. ಬೈನರಿ ಸರ್ಚ್‌ನಲ್ಲಿ ಏರಿಕೆಯ ಕ್ರಮದಲ್ಲಿ ಜೋಡಿಸಿದ 1000 ಸಂಖ್ಯೆಗಳ ನಡುವೆ ಹುಡುಕಲು ಗರಿಷ್ಠ 10 ಸಲ ನೋಡಿದರೆ ಸಾಕು ಎಂಬುದನ್ನು ಅರ್ಧಕ್ಕೆ ಅರ್ಧ ಕತ್ತರಿಸುತ್ತಾ ಅವರೇ ಎಣಿಸುತ್ತಾರೆ.

ಇಷ್ಟೆಲ್ಲ ಬರೆಸಿದರೆ ಸಿಲಬಸ್ ಮುಗಿಯುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮುಗಿಯುತ್ತದೆ, ಏಕೆಂದರೆ ಮುಂದಿನ ವಾರಗಳಲ್ಲಿ ತಪ್ಪು ಹುಡುಕುವುದರಲ್ಲಿ ಕಳೆಯುವ ಸಮಯ ಉಳಿಯುತ್ತದೆ. ಸೆಮಿಸ್ಟರ್ ಕೊನೆಯ ಪರೀಕ್ಷೆಯೂ ಕಾಗದದ ಮೇಲೆಯೇ ನಡೆಯುತ್ತದೆ. 100 ಅಂಕಗಳಿಗೆ ಬರೆದು 50ಕ್ಕೆ ಇಳಿಸುವ ಆ ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಯಾರ ಪಕ್ಕದಲ್ಲೂ ಇರುವುದಿಲ್ಲ. ಲ್ಯಾಬಿನ ಮೌಲ್ಯಮಾಪನದಲ್ಲಿ ನಾನು ಎಡಭಾಗದ ಉತ್ತರ ತಪ್ಪಾಗಿದ್ದಕ್ಕೆ ಅಂಕ ಕಳೆಯುವುದಿಲ್ಲ. ವ್ಯತ್ಯಾಸಕ್ಕೆ ಬರೆದ ಕಾರಣವನ್ನು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುತ್ತೇನೆ, ಅದು ಸ್ವಂತದ್ದಾಗಿದ್ದರೆ ಪೂರ್ತಿ ಅಂಕ ಕೊಡುತ್ತೇನೆ. ಎಡಭಾಗವನ್ನು ಯಂತ್ರದ ಉತ್ತರ ನೋಡಿ ತುಂಬಿದವರು ಯಾರೆಂಬುದು ಎರಡೇ ಪ್ರಶ್ನೆಗಳಲ್ಲಿ ತಿಳಿಯುತ್ತದೆ.

ಎರಡನೇ ಸೆಮಿಸ್ಟರ್‌ನಲ್ಲಿ ಗುಂಪುಗಳು ಅದಲುಬದಲಾಗಿ, ಕೆಮಿಸ್ಟ್ರಿ ಸೈಕಲ್ ಮುಗಿಸಿದವರು ನನ್ನ ಲ್ಯಾಬಿಗೆ ಬರುತ್ತಾರೆ. ಮೊದಲ ಗಣಿತ ಪತ್ರಿಕೆಯನ್ನು ಅವರು ಆಗಲೇ ಬರೆದಿರುವುದರಿಂದ, ಆ ತಂಡಕ್ಕೆ ಉಷ್ಣಾಂಶದ ಲೆಕ್ಕದ ಬದಲು ಋಣಸಂಖ್ಯೆಯ ಶೇಷದಿಂದಲೇ ಪಾಠ ಆರಂಭಿಸುತ್ತೇನೆ.